ಕೋರ್ಟು ಯಾರದು?

ಟೆನಿಸ್ ದುಡ್ಡಿದ್ದೋರ ಆಟ, ನಮಗ್ಯಾಕೆ ಅಂತೀರಾ ಗೆಳೆಯರೇ? ಆರ್ಥರ್ ಆಶ್ ಅಮೆರಿಕದ ರಿಚ್ಮಂಡ್‌ನಲ್ಲಿ ಕರಿಯರ ಮೈದಾನ ಕಾಯುವವನ ಮಗ. ಬಿಳಿಯರ ಕೋರ್ಟಿಗೆ ಕಾಲಿಡುವಂತಿರಲಿಲ್ಲ, ನಮ್ಮೂರ ಬಾವಿ ಥರ. ಕರಿಯ ಡಾಕ್ಟರ್ ಜಾನ್ಸನ್ ತಮ್ಮ ಹಿತ್ತಲ ಕೋರ್ಟಿನಲ್ಲಿ ಆಟ ಕಲಿಸಿದರು. ಆಮೇಲೆ ತಾನೇ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಸ್ಕಾಲರ್‌ಷಿಪ್ ಕೊಟ್ಟು ಕರೆದದ್ದು! 1965ರಲ್ಲಿ ಕಾಲೇಜು ಚಾಂಪಿಯನ್, 1975ರಲ್ಲಿ ವಿಂಬಲ್ಡನ್.

ಇವತ್ತು ಅಲ್ಲಿನ ಕೋಚ್‌ಗಳು ದೇಶದೇಶದಿಂದ ಹುಡುಗರನ್ನ ಆರಿಸ್ತಾರೆ. 2007, 2008ರಲ್ಲಿ ಅಲ್ಲಿ ಕಾಲೇಜು ಪಟ್ಟ ಗೆದ್ದ ಸೋಮದೇವ್ ದೇವವರ್ಮನ್ ನಮ್ಮ ದೇಶದವರೇ. ಸಂತೋಷ. ಆದರೆ ಕೋಚ್ ನೋಡೋದು ಜೂನಿಯರ್ ರ‍್ಯಾಂಕು. ರ‍್ಯಾಂಕಿಗೆ ಟೂರ್ನಮೆಂಟು, ಟೂರ್ನಮೆಂಟಿಗೆ ರೈಲು, ವಿಮಾನ, ಅಪ್ಪನ ದುಡ್ಡು. ನಮ್ಮ ಕಾಲೇಜುಗಳ ಸ್ಪೋರ್ಟ್ಸ್ ಕೋಟಾದಲ್ಲೂ ಕೇಳೋದು ಸರ್ಟಿಫಿಕೇಟನ್ನೇ. ರ‍್ಯಾಕೆಟ್ಟನ್ನೇ ಮುಟ್ಟದ ನಾವು ಅದನ್ನ ಎಲ್ಲಿಂದ ತರಬೇಕು? ಮೊದಲು ಹಾಸ್ಟೆಲ್ಲಿಗೆ ರ‍್ಯಾಕೆಟ್ ಕೊಡಿ, ಸಂಜೆ ಹೊತ್ತು ಕೋರ್ಟಿನ ಬೀಗ ತೆಗೀರಿ.