ಎಲ್ಲಿ? ಯಾವಾಗ? ಯಾವುದರಿಂದ?

ಶನಿವಾರ ರಾತ್ರಿ ಹನ್ನೆರಡು ದಾಟಿದ ಮೇಲೆ ದೊಡ್ಡ ಊರಿನ ಆಸ್ಪತ್ರೆಗೆ ಬರುವವರಲ್ಲಿ ಒಂದು ಬಗೆಯವರನ್ನು ಅಲ್ಲಿಯ ನರ್ಸುಗಳು ದೂರದಿಂದಲೇ ಗುರುತಿಸಬಲ್ಲರು. ವಯಸ್ಸು ಇಪ್ಪತ್ತರ ಆಸುಪಾಸು. ಕೆನ್ನೆಗೆ ಒತ್ತಿ ಹಿಡಿದ ಕರವಸ್ತ್ರ, ಅಂಗಿಯ ಮೇಲೆ ರಕ್ತ. ‘ಏನಾಯಿತಪ್ಪಾ?’ ಎಂದು ಕೇಳಿದರೆ ‘ಜಾರಿ ಬಿದ್ದೆ’ ಎಂಬ ಉತ್ತರ. ಜಾರಿ ಬಿದ್ದರೆ ಕೆನ್ನೆ ಹೀಗೆ ಉದ್ದಕ್ಕೆ ಸೀಳುವುದಿಲ್ಲ ಎಂಬುದು ಹೇಳಿದವನಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಹೊಲಿಗೆ ಹಾಕಿ ಕಳಿಸುತ್ತಾರೆ. ಗಾಯ ಮಾಯುತ್ತದೆ, ಗುರುತು ಜೀವನವಿಡೀ ಉಳಿಯುತ್ತದೆ.

1980ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಇಂಥ ಮುಖಗಳನ್ನು ಹೊಲಿಯುತ್ತಿದ್ದವರಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರೊಬ್ಬರು. ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ ಅವರ ಕ್ಷೇತ್ರ. ಹೊಡೆತ ತಿಂದು ತಮ್ಮಲ್ಲಿಗೆ ಬಂದವರಲ್ಲಿ ಎಷ್ಟು ಜನರ ವಿಷಯ ಪೊಲೀಸರಿಗೆ ತಿಳಿದಿದೆ ಎಂಬ ಪ್ರಶ್ನೆ ಅವರಿಗೆ ಬಂತು. ಆಸ್ಪತ್ರೆಯ ಲೆಕ್ಕವನ್ನೂ ಪೊಲೀಸರ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪ್ರಕರಣ ಮಾತ್ರ ಪೊಲೀಸರ ಪುಸ್ತಕದಲ್ಲಿತ್ತು. ಉಳಿದ ಮೂರು ಅವರ ಪಾಲಿಗೆ ನಡೆದೇ ಇರಲಿಲ್ಲ!

ಜನ ಯಾಕೆ ಹೇಳುವುದಿಲ್ಲ? ಹೊಡೆದವನು ಮತ್ತೆ ಬಂದಾನು ಎಂಬ ಭಯ ಕೆಲವರಿಗೆ. ಕತ್ತಲೆಯಲ್ಲಿ ಹೊಡೆದವನು ಯಾರೆಂದೇ ಗೊತ್ತಿಲ್ಲ, ಹೇಳಿ ಏನು ಉಪಯೋಗ ಎಂಬ ಬೇಸರ ಇನ್ನು ಕೆಲವರಿಗೆ. ತಾನೂ ಎರಡೇಟು ಕೊಟ್ಟಿದ್ದೇನಲ್ಲ, ನನ್ನನ್ನೇ ಹಿಡಿದರೆ ಎಂಬ ಅಳುಕು ಮತ್ತೊಬ್ಬನಿಗೆ. ಮನೆಯಲ್ಲಿ ತಂದೆಗೆ ಹೆದರಿ ಸುಮ್ಮನಾದವರೂ ಇದ್ದಾರು.

ಶೆಫರ್ಡ್ ಮುಂದೆ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಪ್ರಾಧ್ಯಾಪಕರಾದರು. ಮೂರೂವರೆ ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರು ಅದು. ರಗ್ಬಿ ಆಟವೆಂದರೆ ಪ್ರಾಣ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ ಊರ ನಡುಮಧ್ಯೆ ಇದೆ. ಸುತ್ತಮುತ್ತಲ ಬೀದಿಗಳ ತುಂಬ ಪಬ್ಬುಗಳು. ಪಂದ್ಯ ಮುಗಿದ ರಾತ್ರಿ ಅಲ್ಲಿನ ಗಲಾಟೆಯನ್ನು ಊಹಿಸಿಕೊಳ್ಳಬಹುದು. 1997ರಲ್ಲಿ ಅವರು ವೈದ್ಯರು, ಪೊಲೀಸರು, ನಗರಾಡಳಿತದವರು ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿ ಒಂದು ಕೂಟ ಕಟ್ಟಿದರು. ಹಿಂಸೆ ತಡೆಯುವುದು ಪೊಲೀಸರ ಕೆಲಸ, ಗಾಯ ಹೊಲಿಯುವುದು ವೈದ್ಯರ ಕೆಲಸ ಎಂದು ಭಾಗ ಹಾಕಿಕೊಂಡಿದ್ದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಈ ಕೂಟದ ಮುಖ್ಯ ಆಯುಧ ಯಾವುದು ಗೊತ್ತೇ? ಆಸ್ಪತ್ರೆಯ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ರಿಸೆಪ್ಷನಿಸ್ಟ್! ಹೇಗಿದ್ದರೂ ಅವರು ಪ್ರತಿಯೊಬ್ಬರ ಹೆಸರು, ವಯಸ್ಸು ಕೇಳಿ ಕಂಪ್ಯೂಟರಿಗೆ ತುಂಬುತ್ತಾರೆ. ಹೊಡೆತ ತಿಂದು ಬಂದವರನ್ನು ಇನ್ನೆರಡು ಮೂರು ಪ್ರಶ್ನೆ ಕೇಳಿ ಎಂದರು. ಎಲ್ಲಿ ನಡೆಯಿತು, ಬೀದಿಯ ಹೆಸರೇನು, ಪಬ್ಬಿನ ಹೆಸರೇನು? ಎಷ್ಟು ಗಂಟೆಗೆ? ಹೊಡೆದದ್ದು ಕೈಯಿಂದಲೋ, ಚಾಕುವಿನಿಂದಲೋ, ಲೋಟದಿಂದಲೋ? ಇಷ್ಟಕ್ಕೆ ಒಂದೆರಡು ನಿಮಿಷ ಸಾಕು. ‘ಯಾರು ಹೊಡೆದರು?’ ಎಂದು ಹೆಸರು ಕೇಳುವ ಗೊಡವೆಗೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ರೋಗಿಯ ಹೆಸರು ವಿಳಾಸವನ್ನೂ ಕಿತ್ತುಹಾಕಿದ ಮೇಲೆಯೇ ಪಟ್ಟಿ ಆಸ್ಪತ್ರೆಯಿಂದ ಹೊರಗೆ ಹೋಗುತ್ತಿತ್ತು.

ನಮ್ಮ ಓದುಗರಿಗೆ ಇಲ್ಲೊಂದು ಸಂಶಯ ಬಂದೀತು. ನಮ್ಮ ಆಸ್ಪತ್ರೆಗಳಲ್ಲಿ ಹೊಡೆದಾಟದ ಗಾಯವನ್ನು ಎಂ.ಎಲ್.ಸಿ. ಎಂದು ಬರೆದು ಪೊಲೀಸರಿಗೆ ತಿಳಿಸುವ ಪದ್ಧತಿ ಮೊದಲಿನಿಂದಲೂ ಇದೆಯಲ್ಲ? ಇದೆ. ಆದರೆ ಅದು ಒಬ್ಬೊಬ್ಬರ ಕೇಸಿಗೆ, ಕೋರ್ಟಿಗೆ ಬೇಕಾದ ಕಾಗದ. ಕಾರ್ಡಿಫ್‌ನವರಿಗೆ ಬೇಕಾದದ್ದು ಊರಿನ ನಕ್ಷೆ. ನೂರಾರು ಗಾಯಗಳನ್ನು ಚುಕ್ಕೆಗಳಾಗಿ ಇಟ್ಟಾಗ ಅವು ಎಲ್ಲಿ ಗುಂಪುಗೂಡುತ್ತವೆ ಎಂಬುದು. ವಿಜ್ಞಾನದ ವಿದ್ಯಾರ್ಥಿಗಳಿಗೆ 1854ರ ಲಂಡನ್ನಿನ ಕಾಲರಾ ನೆನಪಾದರೆ ಆಶ್ಚರ್ಯವಿಲ್ಲ. ಡಾಕ್ಟರ್ ಜಾನ್ ಸ್ನೋ ಅಂದು ಸಾವುಗಳ ಲೆಕ್ಕ ಹಿಡಿದು ಬ್ರಾಡ್ ಬೀದಿಯ ನೀರಿನ ಪಂಪಿಗೆ ಬೊಟ್ಟು ಮಾಡಿ ತೋರಿಸಿದ್ದರು. ಇಲ್ಲಿ ನೀರಿನ ಪಂಪಿನ ಜಾಗದಲ್ಲಿ ಇಂತಿಂಥ ಪಬ್ಬು, ಇಂತಿಂಥ ಮೂಲೆ.

ನಕ್ಷೆ ಕೈಗೆ ಬಂದ ಮೇಲೆ ಮಾಡಿದ್ದೆಲ್ಲ ಸಾದಾ ಕೆಲಸಗಳೇ. ಗಸ್ತಿನ ದಾರಿ, ವೇಳೆ ಬದಲಾಯಿತು. ವಾರಾಂತ್ಯದ ರಾತ್ರಿ ಹೆಚ್ಚು ಪೇದೆಗಳು ಊರ ನಡುವಿಗೆ ಬಂದರು. ಪದೇ ಪದೇ ಹೆಸರು ಬಂದ ಪಬ್ಬಿನ ಮಾಲೀಕನನ್ನು ಕರೆದು ಅಂಕಿ ಅಂಶ ಮುಂದಿಟ್ಟು ಮಾತಾಡಿದರು. ಜನಜಂಗುಳಿಯ ಬೀದಿಗೆ ವಾಹನ ಬಿಡದೆ ನಡೆದಾಡಲು ಜಾಗ ಬಿಟ್ಟರು. ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಯೇ ಎಷ್ಟೋ ಜಗಳ ಹುಟ್ಟುವುದು.

ಗಾಜಿನ ಲೋಟದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ಗಾಜು ಒಡೆದರೆ ಚೂರಿಯಂಥ ಉದ್ದುದ್ದ ಚೂರುಗಳಾಗುತ್ತವೆ. ಅದೇ ಗಾಜನ್ನು ಆರುನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ ತಂಗಾಳಿ ಊದಿ ತಟ್ಟನೆ ತಣಿಸಿದರೆ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಆಮೇಲೆ ತಣಿಯುವ ಒಳಭಾಗ ಕುಗ್ಗುತ್ತ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಗೆ ಒತ್ತಡ, ಒಳಗೆ ಎಳೆತ. ಇಂಥ ಗಾಜು ಸುಲಭಕ್ಕೆ ಒಡೆಯದು. ಒಡೆದರೂ ಕಲ್ಲುಸಕ್ಕರೆಯಂತೆ ಸಣ್ಣ ಹರಳುಗಳಾಗಿ ಉದುರುತ್ತದೆ. ಕಾರಿನ ಪಕ್ಕದ ಕಿಟಕಿಗೆ ಹಾಕುವುದು ಇದನ್ನೇ. ಹಾಗಾದರೆ ಪಬ್ಬಿನ ಲೋಟವನ್ನೂ ಇದರಲ್ಲೇ ಮಾಡಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಶೆಫರ್ಡ್ ತಂಡ ಅನ್ನಿಸಿದ್ದನ್ನು ನಂಬದೆ ಪರೀಕ್ಷೆಗೆ ಒಡ್ಡಿತು. 57 ಪಬ್ಬು-ಬಾರುಗಳಲ್ಲಿ ಕೆಲವಕ್ಕೆ ಹೊಸ ಲೋಟ, ಉಳಿದವಕ್ಕೆ ಮಾಮೂಲಿ ಲೋಟ ಕೊಟ್ಟು, ಅಲ್ಲಿ ಕೆಲಸ ಮಾಡುವವರ ಕೈಗೆ ಆಗುವ ಗಾಯಗಳನ್ನು ಎಣಿಸಿತು. 2000ರಲ್ಲಿ ಪ್ರಕಟವಾದ ಫಲಿತಾಂಶ ತಲೆಕೆಳಗು. ಹೊಸ ಲೋಟ ಕೊಟ್ಟ ಕಡೆಯೇ ಗಾಯ ಹೆಚ್ಚು! ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಆ ‘ಗಟ್ಟಿ’ ಲೋಟಗಳು ಪೆಟ್ಟು ತಾಳುವುದರಲ್ಲಿ ಮಾಮೂಲಿ ಲೋಟಗಳಿಗಿಂತ ಕಡಿಮೆಯೆಂದು ಕಂಡುಬಂತು. ಗಟ್ಟಿ ಎಂದು ಹೆಸರಿಟ್ಟ ಮಾತ್ರಕ್ಕೆ ಗಾಜು ಗಟ್ಟಿಯಾಗದು. ಬಳಕೆಗೆ ತರುವ ಮೊದಲು ಲೋಟಗಳನ್ನು ಪರೀಕ್ಷಿಸಬೇಕು ಎಂಬ ಮಾತು ಅಲ್ಲಿಂದ ಬಲವಾಯಿತು. ಮುಂದೆ ಪ್ಲಾಸ್ಟಿಕ್ ಲೋಟಗಳೂ ಬಂದವು. ತಮ್ಮ ನೆಚ್ಚಿನ ಊಹೆಗೇ ಪೆಟ್ಟು ಕೊಟ್ಟ ಫಲಿತಾಂಶವನ್ನು ಮುಚ್ಚಿಡದೆ ಅಚ್ಚು ಹಾಕಿಸಿದರಲ್ಲ, ಪ್ರಯೋಗದ ಪುಸ್ತಕದಲ್ಲಿ ‘ಬರಬೇಕಾದ’ ಉತ್ತರ ತಿದ್ದಿ ಬರೆಯುವ ಮಕ್ಕಳು ಇದನ್ನು ಓದಬೇಕು.

ಇಷ್ಟೆಲ್ಲದರಿಂದ ಹಿಂಸೆ ಇಳಿಯಿತೇ? ಕಾರ್ಡಿಫ್ ಒಂದನ್ನೇ ನೋಡಿದರೆ ಉತ್ತರ ಸಿಗದು. ಇಡೀ ದೇಶದಲ್ಲೇ ಇಳಿದಿರಬಹುದು. ಆದ್ದರಿಂದ ಅದರಂಥದೇ ಬೇರೆ 14 ನಗರಗಳೊಡನೆ 2000ದಿಂದ 2007ರವರೆಗಿನ ಲೆಕ್ಕ ಹೋಲಿಸಿದರು. ಹೊಡೆತದಿಂದ ಆಸ್ಪತ್ರೆಗೆ ದಾಖಲಾದವರು ಕಾರ್ಡಿಫ್‌ನಲ್ಲಿ ಲಕ್ಷ ಜನಕ್ಕೆ ತಿಂಗಳಿಗೆ 7 ಇದ್ದದ್ದು 5ಕ್ಕೆ ಇಳಿದರೆ, ಉಳಿದ ಊರುಗಳಲ್ಲಿ 5 ಇದ್ದದ್ದು 8ಕ್ಕೆ ಏರಿತ್ತು. ಬೇರೆ ಕಾರಣಗಳನ್ನೂ ಲೆಕ್ಕಕ್ಕೆ ಹಿಡಿದಾಗ ಶೇಕಡ 42ರಷ್ಟು ಕಡಿಮೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು.

ಅದೇ ವರದಿಯಲ್ಲಿ ಒಂದು ವಿಚಿತ್ರವೂ ಇದೆ. ಸಣ್ಣಪುಟ್ಟ ಹೊಡೆದಾಟಗಳ ಪೊಲೀಸ್ ಲೆಕ್ಕ ಕಾರ್ಡಿಫ್‌ನಲ್ಲಿ ಲಕ್ಷಕ್ಕೆ 15ರಿಂದ 20ಕ್ಕೆ ಏರಿತ್ತು. ಉಳಿದ ಕಡೆ ಇಳಿದಿತ್ತು. ಸೋಲು ಎಂದುಕೊಳ್ಳಬೇಡಿ. ಸರಿಯಾದ ಜಾಗದಲ್ಲಿ ಪೇದೆ ನಿಂತಿದ್ದರೆ ಜಗಳ ತಳ್ಳಾಟದಲ್ಲಿದ್ದಾಗಲೇ ಕಣ್ಣಿಗೆ ಬೀಳುತ್ತದೆ, ಪುಸ್ತಕಕ್ಕೂ ಸೇರುತ್ತದೆ. ಲೋಟ ಮುಖಕ್ಕೆ ಬೀಳುವ ಹೊತ್ತಿಗೆ ಬಿಡಿಸಿಯಾಗಿರುತ್ತದೆ ಎಂಬುದು ಸಂಶೋಧಕರ ವಿವರಣೆ. ಠಾಣೆಯ ಅಂಕಿ ಏರಿತೆಂದು ಗಾಬರಿಯಾಗುವ, ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುವ ನಾವೆಲ್ಲ ಈ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು.

ಬೀದಿ ಜಗಳಕ್ಕೆ ಒಗ್ಗುವಷ್ಟು ಈ ಉಪಾಯ ಮನೆಯೊಳಗಿನ ಹಿಂಸೆಗೆ ಒಗ್ಗದು. ‘ಎಲ್ಲಿ?’ ಎಂಬುದಕ್ಕೆ ‘ಮನೆಯಲ್ಲಿ’ ಎಂದು ಉತ್ತರ ಬಂದರೆ ಅಲ್ಲಿಗೆ ಗಸ್ತು ಕಳಿಸಲು ಬರುವುದಿಲ್ಲ. ಅದಕ್ಕೆ ಬೇರೆಯೇ ದಾರಿ ಬೇಕು.

ಶೆಫರ್ಡ್ ಅವರಿಗೆ 2008ರಲ್ಲಿ ಅಪರಾಧಶಾಸ್ತ್ರದ ಸ್ಟಾಕ್‌ಹೋಮ್ ಪ್ರಶಸ್ತಿ ಬಂತು. ಬ್ರಿಟನ್ನಿನ ಬೇರೆ ಊರುಗಳಿಗೂ ಅಮೆರಿಕ, ಆಸ್ಟ್ರೇಲಿಯ, ನೆದರ್ಲೆಂಡ್ಸ್‌ಗೂ ‘ಕಾರ್ಡಿಫ್ ಮಾದರಿ’ ಹೋಯಿತು. ಹೋದ ಎಲ್ಲ ಕಡೆಯೂ ಒಂದೇ ಫಲ ಕೊಡಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಪ್ರಶ್ನೆ ಕೇಳುತ್ತಿದ್ದರು, ಪಟ್ಟಿ ಪೊಲೀಸರನ್ನು ತಲುಪುತ್ತಿರಲಿಲ್ಲ. ಇನ್ನು ಕೆಲವು ಕಡೆ ಜಾಗದ ಕಲಮಿನಲ್ಲಿ ‘ಬೀದಿ’ ಎಂದಷ್ಟೇ ಬರೆದು ಮುಗಿಸುತ್ತಿದ್ದರು. ಯಾವ ಬೀದಿ ಎಂದು ಅವರು ಕೇಳಲೇ ಇಲ್ಲ.