ಟೆರೇಸಿಗೆ ಬಿಳಿ ಬಣ್ಣ ಬಳಿದರೆ ಎಸಿ ಬೇಡವೇ? ಬಜಪೆಯ ಮನೆಗಳ ಲೆಕ್ಕ

ಮಾರ್ಚ್ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ಟೆರೇಸಿಗೆ ಬಿಳಿ ಬಣ್ಣ ಬಳಿಯಿರಿ, ಎಸಿ ಬೇಕಾಗಿಲ್ಲ’. ಇನ್ನೊಂದು, ‘ಕೆಂಪು ಕಲ್ಲಿನ ಮನೆ ತಾನಾಗಿಯೇ ತಂಪು’. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ನೋಡೋಣ. ಬಜಪೆಯ ಸುತ್ತ ಸಣ್ಣ ಸೈಟುಗಳಲ್ಲಿ ಮನೆ ಕಟ್ಟಲು ಹೊರಟವರಿಗೆ ಇದು ಸಾಲದ ಕಂತಿನಷ್ಟೇ ಮುಖ್ಯ.

ಕೆಂಪು ಕಲ್ಲು ನಿಜಕ್ಕೂ ತಂಪೇ?

ಬಜಪೆಯ ಗುಡ್ಡವೇ ಕೆಂಪು ಕಲ್ಲಿನದು. ಈ ಕಲ್ಲನ್ನು ಇಟ್ಟಿಗೆಯಂತೆ ಸುಡಬೇಕಿಲ್ಲ, ಕಡಿದು ತಂದರಾಯಿತು. ಕಟ್ಟುವ ಹಂತದಲ್ಲೇ ಇಂಧನ ಉಳಿಯುತ್ತದೆ. ಆದರೆ ದಪ್ಪ ಗೋಡೆ ಹಗಲು ಹೀರಿದ ಬಿಸಿಯನ್ನು ರಾತ್ರಿ ಹೊರಬಿಡಬೇಕಾದರೆ ರಾತ್ರಿ ತಂಪಾಗಿರಬೇಕು. ಕಲಬುರಗಿಯಂಥ ಒಣ ಊರಿನಲ್ಲಿ ಇದು ನಡೆಯುತ್ತದೆ. ಕರಾವಳಿಯ ಏಪ್ರಿಲ್-ಮೇ ತಿಂಗಳಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ತೇವ. ಇಲ್ಲಿ ಮೈಗೆ ಹಾಯೆನಿಸುವುದು ಬೆವರು ಆರಿದಾಗ, ಅದಕ್ಕೆ ಗಾಳಿ ಬೇಕು. ಹಳೆಯ ಹಂಚಿನ ಮನೆ ತಂಪಾಗಿದ್ದದ್ದು ಗೋಡೆಯಿಂದ ಮಾತ್ರವಲ್ಲ. ಬಿಸಿಗಾಳಿ ಹಂಚಿನ ಸಂದಿಯಿಂದ ಹೊರಹೋಗುತ್ತಿತ್ತು, ಇಳಿಜಾರು ಮಾಡು ಮತ್ತು ಜಗಲಿ ಗೋಡೆಗೆ ನೆರಳು ಕೊಡುತ್ತಿದ್ದವು.

ಬಿಳಿ ಬಣ್ಣದ ಕತೆಯೇನು?

ಒಂದಂತಸ್ತಿನ ಮನೆಗೆ ಅತಿ ಹೆಚ್ಚು ಬಿಸಿ ಬರುವುದು ಮೇಲಿನಿಂದ. ಬಿಳಿ ಲೇಪನ ಬಿಸಿಲನ್ನು ಪ್ರತಿಫಲಿಸುತ್ತದೆ, ನಿಜ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಮಳೆಗಾಲ ಮುಗಿಯುವಾಗ ಟೆರೇಸ್ ಪಾಚಿಗಟ್ಟಿ ಕಪ್ಪಾಗಿರುತ್ತದೆ, ತೊಳೆಯದಿದ್ದರೆ ಬಣ್ಣದ ಕೆಲಸ ಅಲ್ಲಿಗೆ ಮುಗಿಯಿತು. ಸೋರಿಕೆ ತಡೆಯಲೆಂದು ನಾವು ಟೆರೇಸಿನ ಮೇಲೆ ಹಾಕಿಸುವ ಶೀಟ್, ಸುತ್ತ ಗಾಳಿಯಾಡುವಂತಿದ್ದರೆ, ಸ್ಲ್ಯಾಬಿಗೆ ಒಳ್ಳೆಯ ಕೊಡೆಯೂ ಹೌದು. ಸುತ್ತಲೂ ಮುಚ್ಚಿಬಿಟ್ಟರೆ ಒಳಗೆ ಬಿಸಿ ತುಂಬಿಕೊಳ್ಳುತ್ತದೆ.

ನಿಯಮ ಇದೆ, ಸಣ್ಣ ಸೈಟಿಗೆ ಇಲ್ಲ

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗಾಗಿ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿ ತಂದಿತು. ಚಾವಣಿಯಿಂದ ಎಷ್ಟು ಬಿಸಿ ಇಳಿಯಬಹುದು ಎಂಬುದಕ್ಕೆ ಅದರಲ್ಲಿ ಮಿತಿಯಿದೆ. ಏನೂ ಹೊದಿಸದ ಆರ್‌ಸಿಸಿ ಸ್ಲ್ಯಾಬ್ ಆ ಮಿತಿಯ ಸುಮಾರು ಮೂರು ಪಟ್ಟು ಬಿಸಿ ಬಿಡುತ್ತದೆ. ಕರಾವಳಿಯಂಥ ಸೆಕೆಯ ಪ್ರದೇಶದಲ್ಲಿ ತೆರೆಯಬಹುದಾದ ಕಿಟಕಿ-ಬಾಗಿಲುಗಳ ಜಾಗ ಮನೆಯ ಕಾರ್ಪೆಟ್ ವಿಸ್ತೀರ್ಣದ ಆರನೇ ಒಂದು ಭಾಗವಾದರೂ ಇರಬೇಕು ಎನ್ನುತ್ತದೆ ಈ ಸಂಹಿತೆ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟೇ ದೊಡ್ಡದಿದ್ದರೂ ತೆರೆಯುವುದು ಅರ್ಧ ಮಾತ್ರ, ನೆನಪಿರಲಿ.

ಆದರೆ ಸಂಹಿತೆ ರೂಪಿಸಿರುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಅಂದರೆ 12 ಸೆಂಟ್ಸಿಗೂ ಹೆಚ್ಚು. ಐದು ಸೆಂಟ್ಸಿನ ಮನೆ ಅದರ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಅಪಾರ್ಟ್‌ಮೆಂಟಿಗೆ ಹೇಳಿದ ಮಾತನ್ನು ಸಣ್ಣ ಬಡಾವಣೆಯವರಿಗೆ ಯಾರೂ ಹೇಳುತ್ತಿಲ್ಲ.

ಒಬ್ಬರಿಂದ ಆಗದ್ದು

ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಬೀಸುವುದು ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ. ಸಂಜೆಯ ಬಿಸಿಲೂ ಅದೇ ಕಡೆಯಿಂದ. ಹಾಗಾಗಿ ಪಶ್ಚಿಮಕ್ಕೆ ಕಿಟಕಿ ಬೇಕು, ಅದರ ಮುಂದೆ ಜಗಲಿಯೋ ಮರವೋ ಬೇಕು. ಇಷ್ಟನ್ನು ನೀವು ಮಾಡಿಸಿಕೊಂಡರೂ ಮುಂದಿನ ಸೈಟಿನವರು ಎತ್ತರದ ಕಂಪೌಂಡ್ ಕಟ್ಟಿ, ಗಡಿಯವರೆಗೂ ಗೋಡೆ ಎಬ್ಬಿಸಿದರೆ ನಿಮ್ಮ ಗಾಳಿ ಅಲ್ಲಿಗೇ ನಿಂತಿತು. ಎಂಟು-ಹತ್ತು ಮನೆಗಳವರು ಪ್ಲಾನ್ ಹಂತದಲ್ಲೇ ಕುಳಿತು ಮಾತಾಡಿದರೆ ಖರ್ಚಿಲ್ಲದೆ ಆಗುವ ಕೆಲಸವಿದು. ಗೋಡೆ ಎದ್ದ ಮೇಲೆ ಎಷ್ಟು ದುಡ್ಡು ಕೊಟ್ಟರೂ ಆಗದು.

ಸೋಲಾರ್ ವಿಷಯದಲ್ಲೂ ಒಟ್ಟಾಗಲು ದಾರಿಯಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗೆ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದ್ದರೆ, ನಿವಾಸಿಗಳ ಸಂಘಕ್ಕೆ ಪಂಪ್, ಬೀದಿದೀಪದಂಥ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ನಿಗದಿಯಾಗಿದೆ.

‘ಹೇಗೂ ಕರೆಂಟ್ ಫ್ರೀ ಅಲ್ವಾ?’

ಗೃಹಜ್ಯೋತಿಯ ಮಿತಿ 200 ಯೂನಿಟ್. ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಗಂಟೆಗೆ ಒಂದು ಯೂನಿಟ್ ಎಳೆಯುವ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್. ಅದೊಂದೇ ಮಿತಿ ದಾಟಿಸಲು ಸಾಕು. ಹಳೆಯ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 12 ಗಂಟೆ ತಿರುಗಿದರೂ ತಿಂಗಳಿಗೆ ಒಂದು ಫ್ಯಾನಿನಲ್ಲಿ ಸುಮಾರು 16 ಯೂನಿಟ್ ಉಳಿತಾಯ.

ಒಟ್ಟಿನಲ್ಲಿ, ಬಿಳಿ ಬಣ್ಣ ಸುಳ್ಳಲ್ಲ, ಕೆಂಪು ಕಲ್ಲೂ ಸುಳ್ಳಲ್ಲ. ಆದರೆ ನಮ್ಮೂರಿನ ಸೆಕೆಗೆ ಮೊದಲ ಮದ್ದು ನೆರಳು ಮತ್ತು ಗಾಳಿ, ಗಾಳಿಗೆ ನೆರೆಮನೆಯವರ ಒಪ್ಪಿಗೆಯೂ ಬೇಕು. ಇದನ್ನು ಫಾರ್ವರ್ಡ್ ಮಾಡುವುದಾದರೆ ಮೊದಲು ಪಕ್ಕದ ಸೈಟಿನವರಿಗೆ ಕಳಿಸಿ.