ಹಳೆ ಮನೆಗೆ ಹೋಟೆಲ್ ಬೋರ್ಡ್: ಒಲೆ ಎಲ್ಲಿಡ್ತೀರಿ?

ಟಿಪ್ಪು ಸುಲ್ತಾನರ ಸಚಿವರಾಗಿದ್ದು, ಮುಂದೆ ಮೈಸೂರಿನ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿತು. ಅಲ್ಲಿನ ಜಹಗೀರ್ದಾರ್ ಬಂಗಲೆಯನ್ನು ಸರಕಾರ ಮ್ಯೂಸಿಯಂ ಮಾಡಿತು. ಆದರೆ ಕೊಳ್ಳೇಗಾಲ, ಹನೂರಿನ ಖಾಸಗಿ ಹಳೆ ಮನೆಗಳಿಗಾಗಲಿ, ನಮ್ಮ ಕರಾವಳಿಯ ತರವಾಡು ಮನೆಗಳಿಗಾಗಲಿ ಆ ಭಾಗ್ಯ ಎಲ್ಲಿದೆ? ಪಾಲುದಾರರು ಹತ್ತಾರು, ರಿಪೇರಿಗೆ ಮುಂದೆ ಬರುವವರು ಯಾರೂ ಇಲ್ಲ.

ಕೆಡವಿ ಮಾರುವ ಬದಲು ರೆಸ್ಟೋರೆಂಟಿಗೆ ಬಾಡಿಗೆ ಕೊಡುವುದೇ ವಾಸಿ. 1921ರ ಲಲಿತಮಹಲ್ 1974ರಲ್ಲಿ ಹೋಟೆಲ್ ಆಗಿಯೂ ಉಳಿದಿದೆ. ಅದು ಅರಮನೆ, ನಮ್ಮದು ಬರೀ ಮನೆ, ಆ ಮಾತು ಬೇರೆ.

ಅಪಾಯ ಇರುವುದು ಊಟದ ಹಾಲ್‌ನಲ್ಲಲ್ಲ, ಅಡುಗೆಮನೆಯಲ್ಲಿ. ಸುಣ್ಣದ ಗಾರೆಯ ಗೋಡೆ ತೇವ ಹೀರಿ ಹೊರಗೆ ಬಿಡುತ್ತದೆ. ಅದಕ್ಕೆ ಸಿಮೆಂಟ್ ಬಳಿದು ಟೈಲ್ಸ್ ಅಂಟಿಸಿದರೆ ನೀರು ಒಳಗೇ ನಿಂತು ಗೋಡೆ ಉದುರುತ್ತದೆ. ಎಣ್ಣೆಯ ಜಿಡ್ಡು ಮಾಡಿನ ಮರಕ್ಕೆ ಹತ್ತುತ್ತದೆ, ಬೆಂಕಿಯ ಭಯ ಬೇರೆ. ಹಾಗಾಗಿ ಒಲೆ, ಪಾತ್ರೆ ತೊಳೆಯುವ ಜಾಗ, ಶೌಚಾಲಯ ಎಲ್ಲವೂ ಹಿತ್ತಿಲಲ್ಲಿ ಪ್ರತ್ಯೇಕವಾಗಿರಲಿ. ಗೋಡೆ ಒಡೆಯುವಂತಿಲ್ಲ, ಸಿಮೆಂಟ್ ಬಳಿಯುವಂತಿಲ್ಲ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಅದಕ್ಕೆ ಎಲ್ಲ ಪಾಲುದಾರರ ಸಹಿ ಬೇಕು, ಅಂದ್ರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ. ತಿಂಗಳ ಬಾಡಿಗೆಯಲ್ಲೂ ಅವರ ಪಾಲು ಅವರಿಗೇ ಹೋಗಬೇಕು.